ಅಕ್ಕನ ಬೆರಳಿಗೆ ನಾನು ಹೇಳಿದ ಸುಳ್ಳು

ನನಗೆ ಈಗ ಎಪ್ಪತ್ತೊಂದು ವರ್ಷ. ಅಕ್ಕನಿಗೆ ಎಪ್ಪತ್ತೆಂಟು. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋಗಿವೆ. ಅಂಥ ಅಕ್ಕನಿಗೆ, ಯಳಂದೂರಿನ ಅವಳ ಮನೆಯ ನಡುಮನೆಯಲ್ಲೇ ಕೂತು, ಅವಳ ಸೊಸೆಯ ಎದುರಿಗೇ, ಹಗಲು ಹನ್ನೊಂದು ಗಂಟೆಗೆ ನಾನೊಂದು ಸುಳ್ಳು ಹೇಳಿದೆ. ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಸುಳ್ಳು ಏನು ಮಾಡಿತು ಎಂದು ನೋಡಿದ ದಿನ ನನ್ನ ಎದೆಯೊಳಗೆ ಏನೋ ಧಸಕ್ಕೆಂದಿತು. ಅದು ಇನ್ನೂ ಸರಿಯಾಗಿ ಕೂತಿಲ್ಲ.

ನಾನು ಹೈಸ್ಕೂಲು ಮುಗಿಸಿ ಮೋಟಾರ್ ವೈಂಡಿಂಗ್ ಕಲಿತವನು. ಹನೂರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಂಗಡಿ ಇಟ್ಟಿದ್ದೆ. ಶಾಗ್ಯ, ಒಡೆಯರಪಾಳ್ಯದ ಕಡೆಯಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಗಾಡಿಯ ಮೇಲೆ ಬರುತ್ತಿದ್ದವು. ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಕೂದಲಿನಷ್ಟು ಸಣ್ಣ ತಂತಿಯನ್ನೂ ತುಂಡಾಗದಂತೆ ಬಗ್ಗಿಸಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಆ ಜಂಬವೇ ಇಲ್ಲಿಯವರೆಗೆ ತಂದಿತು. ಈಗ ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟು ಕೊಳ್ಳೇಗಾಲದಲ್ಲಿ ಹೆಂಡತಿಯ ಜೊತೆ ಇದ್ದೇನೆ.

ಅಕ್ಕನ ಗಂಡ, ನನ್ನ ಭಾವ, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಗೂಡ್ಸ್ ರೈಲು ಯಾರ್ಡಿಗೆ ಬಂದು ನಿಂತಾಗ ಒಂದೊಂದೇ ವ್ಯಾಗನ್ನಿನ ಚಕ್ರ ತಟ್ಟಿ, ಬ್ರೇಕು ನೋಡಿ, ಬಾಗಿಲ ಕೊಂಡಿ ಎಳೆದು ನೋಡಿ, ಹೋಗಬಹುದು ಎಂದು ಹೇಳುವ ಕೆಲಸ. ನಮ್ಮ ಕೊಳ್ಳೇಗಾಲಕ್ಕೆ ರೈಲು ಬರುತ್ತದೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಕಡೆ ಯಾರಿಗಾದರೂ ವ್ಯಾಗನ್ನು ಎಂದರೆ ಭಾವ ಹೇಳಿದ್ದೇ ವ್ಯಾಗನ್ನು.

ನಿವೃತ್ತಿಯಾದ ಮೇಲೆ ಅವರು ಬೆಂಗಳೂರಿನ ಒಂದು ಅಂಗಡಿಯಿಂದ ಪ್ಲಾಸ್ಟಿಕ್ಕಿನ ಪುಟ್ಟ ಗೂಡ್ಸ್ ಗಾಡಿಗಳನ್ನು ತಂದರು. ಒಂಬತ್ತು. ಒಂದೊಂದೂ ಅಂಗೈಗಿಂತ ಸ್ವಲ್ಪ ಉದ್ದ, ಬರೀ ಸಾದಾ ಡಬ್ಬಿ, ಕೆಳಗೆ ಚಕ್ರ. ತಾವು ಯಾರ್ಡಿನಲ್ಲಿ ಸರಿಮಾಡಿದ್ದ ನಿಜವಾದ ವ್ಯಾಗನ್ನುಗಳ ನೆನಪಿಗೆ ಭಾವ ಅವುಗಳಿಗೆ ತಮ್ಮ ಕೈಯಾರೆ ಏನೇನೋ ಅಂಟಿಸಿದರು. ಒಂದಕ್ಕೆ ಬ್ರೇಕಿನ ಲಿವರ್ ಎಂದು ಬಗ್ಗಿಸಿದ ಮೊಳೆ. ಇನ್ನೊಂದಕ್ಕೆ ಟಾರ್ಪಾಲು ಕಟ್ಟಿದ ಹಗ್ಗ. ಆ ಹಗ್ಗವನ್ನು ಅಕ್ಕನೇ ರೇಷ್ಮೆ ನೂಲು ಹೊಸೆದು ಮಾಡಿಕೊಟ್ಟಿದ್ದಳು. ಒಂದರ ಬಾಗಿಲನ್ನು ತಂತಿ ಸುತ್ತಿ ಬಿಗಿದಿದ್ದರು. ಒಂದರ ಮೂಲೆಯಲ್ಲಿ ಬೆಸುಗೆಯ ಸೀಸ ತೊಟ್ಟಿಕ್ಕಿ ಕಡಲೆಕಾಳಿನಂತೆ ಗಟ್ಟಿಯಾಗಿತ್ತು, ಅದನ್ನು ಕೆರೆದು ತೆಗೆದಿರಲಿಲ್ಲ. ದಪ್ಪ ಕೈ, ಒರಟು ಕೆಲಸ. ನಾನು ನೋಡಿ ಒಳಗೊಳಗೇ ನಗುತ್ತಿದ್ದೆ.

ಭಾವ ಹೋಗಿ ಆರು ವರ್ಷವಾಯಿತು. ಆಮೇಲೆ ಅಕ್ಕನ ಕಣ್ಣು ಮಂಜಾಗುತ್ತಾ ಬಂದು ಕೊನೆಗೆ ಬೆಳಕೂ ನಿಂತಿತು. ನಾವೆಲ್ಲ ಹೆದರಿದೆವು. ಅವಳು ಹೆದರಲಿಲ್ಲ. ಯಾಕೆಂದರೆ ಮದುವೆಗೆ ಮುಂಚೆ ಕೊಳ್ಳೇಗಾಲದಲ್ಲಿ, ಮದುವೆಯಾದ ಮೇಲೆ ಯಳಂದೂರಿನ ಮನೆಯಲ್ಲೇ, ಅವಳು ರೇಷ್ಮೆ ಗೂಡಿನಿಂದ ನೂಲು ತೆಗೆದವಳು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಎಳೆಯ ತುದಿ ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ. ಎಳೆ ಎಲ್ಲಿ ತೆಳ್ಳಗಾಯಿತು, ಎಲ್ಲಿ ಇನ್ನೊಂದು ಗೂಡು ಸೇರಿಸಬೇಕು ಎಂಬುದು ಅವಳಿಗೆ ಹೆಬ್ಬೆರಳು ತೋರುಬೆರಳ ನಡುವೆಯೇ ತಿಳಿಯುತ್ತಿತ್ತು. "ಕಣ್ಣು ಓದ್ರೆ ಓಯ್ತು ಬುಡ್ಲಾ, ಬೆರಳು ಅವಲ್ಲ" ಎಂದಿದ್ದಳು ನನಗೆ. ಬೆರಳಲ್ಲೇ ಅಕ್ಕಿಯ ಕಲ್ಲು ಆರಿಸುತ್ತಿದ್ದಳು, ಕನಕಾಂಬರ ಕಟ್ಟುತ್ತಿದ್ದಳು, ಒಲೆ ಹಚ್ಚಿ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಿದ್ದಳು.

ದಿನಾ ಕಾಫಿ ಕುಡಿದ ಮೇಲೆ ಗಾಜಿನ ಬೀರುವಿನಿಂದ ಒಂಬತ್ತು ವ್ಯಾಗನ್ನನ್ನೂ ಒಂದೊಂದಾಗಿ ಇಳಿಸಿ ಬಟ್ಟೆಯಲ್ಲಿ ಒರೆಸುವುದು ಅವಳ ಅಭ್ಯಾಸ. ಮುಟ್ಟಿದ ಕೂಡಲೇ ಹೇಳುತ್ತಿದ್ದಳು. "ಇದು ಮೊಳೆ ಗಾಡಿ. ಇದರ ಬ್ರೇಕು ಇಡೀತಿರ್ನಿಲ್ವಂತೆ, ನಿಮ್ಮ ಭಾವ ಮಳೇಲಿ ನಿಂತ್ಕಂಡು ಸರಿ ಮಾಡಿದ್ರಂತೆ. ಇದು ಬಾಗಿಲು ಕಟ್ಟಿದ್ದು. ಇದು ಸೀಸದ್ದು, ಇದ ಮಾಡುವಾಗ ನಾನು ಊಟಕ್ಕೆ ಕರೆದೆ ಅಂತ ಕೈ ಅಲುಗಾಡ್ಸಿ ತೊಟ್ಟಿಕ್ಕಿಸ್ಬುಟ್ರು. ನನ್ನ ಮೇಲೇ ರೇಗಿದ್ರು." ಇಷ್ಟು ಹೇಳಿ ಒಬ್ಬಳೇ ನಗುತ್ತಿದ್ದಳು. ಅವಳು ಗಂಡನ ಜೊತೆ ಮಾತಾಡುವ ಹೊತ್ತು ಅದು. ನನಗೆ ಅದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

ಕಳೆದ ವರ್ಷ ಒಂದು ವ್ಯಾಗನ್ನಿನ ಚಕ್ರ ಕಳಚಿಕೊಂಡಿತು. ಅಕ್ಕ ಸೊಸೆಯಿಂದ ನನಗೆ ಫೋನ್ ಮಾಡಿಸಿದಳು. ಹೋದೆ. ಚಕ್ರ ಸಿಕ್ಕಿಸುವುದು ಐದು ನಿಮಿಷದ ಕೆಲಸ, ಅಲ್ಲೇ ಮಾಡಬಹುದಿತ್ತು. ಆದರೆ ನಾನು, "ಎಲ್ಲದಕ್ಕೂ ಎಣ್ಣೆ ಆಕ್ಬೇಕು ಅಕ್ಕ, ಒಟ್ಟಿಗೇ ಕೊಡು, ಮಾಡ್ಕಂಡು ತತ್ತೀನಿ" ಎಂದೆ. ಅವಳು ಸೀರೆ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪಂಚೆ ಹಾಸಿ ಒಂಬತ್ತನ್ನೂ ಮಲಗಿಸಿ ಕೊಟ್ಟಳು. "ಜ್ವಾಪಾನ ಕಣ್ಲಾ" ಎಂದಳು.

ನನ್ನ ತಲೆಯಲ್ಲಿ ಬೇರೆಯೇ ಇತ್ತು. ಮೊಬೈಲಿನಲ್ಲಿ ಇಂಥ ಪುಟ್ಟ ರೈಲುಗಳನ್ನು ಚೆಂದಗೊಳಿಸುವ ವಿಡಿಯೊಗಳನ್ನು ನಾನು ಒಂದು ವರ್ಷದಿಂದ ನೋಡುತ್ತಿದ್ದೆ. ಹೊರದೇಶದವರು ಸಾದಾ ಡಬ್ಬಿಯಂಥ ವ್ಯಾಗನ್ನಿಗೆ ಏಣಿ, ಕೈಹಿಡಿ, ಬ್ರೇಕಿನ ಚಕ್ರ, ಗಾಳಿಯ ಪೈಪು ಎಲ್ಲ ಮನೆಯಲ್ಲೇ ಮಾಡಿ ಕೂರಿಸಿ ನಿಜವಾದ ವ್ಯಾಗನ್ನಿನಂತೆಯೇ ಮಾಡುತ್ತಿದ್ದರು. ಇದೇ ಹುಚ್ಚಿನವರ ಒಂದು ವಾಟ್ಸಾಪ್ ಗುಂಪಿಗೂ ಸೇರಿಕೊಂಡಿದ್ದೆ. ಅಲ್ಲಿ ಎಲ್ಲರೂ ತಮ್ಮ ಗಾಡಿಯ ಫೋಟೊ ಹಾಕುತ್ತಿದ್ದರು. ನನ್ನ ಹತ್ತಿರ ಗಾಡಿಯೇ ಇರಲಿಲ್ಲ.

ಭಾವ ಅಂಟಿಸಿದ್ದನ್ನೆಲ್ಲ ಕಿತ್ತೆ. ಮೊಳೆ ತೆಗೆದೆ, ತಂತಿ ಬಿಚ್ಚಿದೆ, ರೇಷ್ಮೆ ಹಗ್ಗ ಕತ್ತರಿಸಿದೆ, ಸೀಸವನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಲ್ಲಾ ಕಣ್ರಿ, ಅತ್ಗೆಮ್ಮನ ಕೇಳಿದ್ರಾ?"

"ಚೆನ್ನಾಗಿ ಮಾಡಿಕೊಟ್ರೆ ಬೇಡ ಅಂತಾಳಾ?"

"ಅವ್ರು ಎಣ್ಣೆ ಆಕಕೆ ಕೊಟ್ಟಿದ್ದು. ನೀವು ಚರ್ಮ ಸುಲೀತಿದೀರಿ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸವೇನೋ ಚೆನ್ನಾಗಿಯೇ ಆಯಿತು, ಅದನ್ನೂ ಹೇಳಬೇಕು. ಸ್ಟೇಪ್ಲರ್ ಪಿನ್ನುಗಳನ್ನು ಸಾಲಾಗಿ ಬೆಸೆದು ಏಣಿ ಮಾಡಿದೆ. ವೈಂಡಿಂಗ್ ತಂತಿಯನ್ನು ಸೂಜಿಗೆ ಸುತ್ತಿ ಬಳೆ ಮಾಡಿ, ನಡುವೆ ಕಡ್ಡಿ ಕೂರಿಸಿ, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡ ಬ್ರೇಕಿನ ಚಕ್ರ ಮಾಡಿದೆ. ಮಾತ್ರೆಯ ಹಾಳೆಯ ಬೆಳ್ಳಿಕಾಗದದಿಂದ ಬಾಗಿಲ ಪಟ್ಟಿ. ಕರೆಂಟು ತಾಗದಂತೆ ಮೋಟಾರಿನೊಳಗೆ ಹಾಕುವ ದಪ್ಪ ಕಾಗದವನ್ನು ಸಣ್ಣಗೆ ಸೀಳಿ ಚಾವಣಿಯ ಮೇಲೆ ನಡೆಯುವ ಹಲಗೆ. ಒಂದೂವರೆ ತಿಂಗಳು ಹಿಡಿಯಿತು. ಕಂದು ಬಣ್ಣ ಹೊಡೆದು, ಮಾಡುವ ಮುಂಚಿನದೊಂದು ಮಾಡಿದ ಮೇಲಿನದೊಂದು ಫೋಟೊ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು, ಚಪ್ಪಾಳೆಗಳು ಬಂದವು. ಕಿತ್ತ ಮೊಳೆ, ದಾರ, ತಂತಿಯನ್ನು ಕಸದ ಮೊರದಲ್ಲಿ ಬಾಚಿ ಎಸೆದೆ.

ಪೆಟ್ಟಿಗೆ ತಕ್ಕೊಂಡು ಯಳಂದೂರಿಗೆ ಹೋದೆ. ಸೊಸೆ ಕಾಫಿ ತಂದಿಟ್ಟಳು. ಅಕ್ಕ ಆಸೆಯಿಂದ ಕೈ ಒರೆಸಿಕೊಂಡು ಮೊದಲನೆಯದನ್ನು ಎತ್ತಿಕೊಂಡಳು. ಬೆರಳು ಪಕ್ಕಕ್ಕೆ ಹೋಯಿತು, ನಿಂತಿತು. ಮೇಲಕ್ಕೆ ಹೋಯಿತು, ಏಣಿಗೆ ತಾಗಿ ಹಿಂದಕ್ಕೆ ಬಂತು. ಅದನ್ನಿಟ್ಟು ಎರಡನೆಯದು ಎತ್ತಿಕೊಂಡಳು. ಮೂರನೆಯದು. ನಾಲ್ಕನೆಯದನ್ನು ಹಿಡಿದುಕೊಂಡೇ ನನ್ನ ಕಡೆಗೆ ಮುಖ ತಿರುಗಿಸಿದಳು.

"ಇವ್ಯಾರ್ದ್ಲಾ?"

"ನಿಂದೇ ಕಣಕ್ಕ."

"ನಂದಲ್ಲ. ನನ್ನವು ಎಲ್ಲಿ ಮಡಗಿದ್ದೀಯ?"

"ಇವೇ ಅಕ್ಕ. ಒರೆಸಿ ಎಣ್ಣೆ ಆಕಿದ್ದೀನಿ, ಅಷ್ಟೇ."

"ಮೊಳೆ ಎಲ್ಲದೆ? ಸೀಸ ಎಲ್ಲದೆ? ತಮಾಸೆ ಮಾಡ್ಬೇಡ ಕಣ್ಲಾ, ನನ್ನ ಗಾಡಿ ಕೊಡು."

ನಾನು ಆಗಲೇ ಹೇಳಿಬಿಡಬೇಕಿತ್ತು. ಬೈಯುತ್ತಿದ್ದಳು, ಅಳುತ್ತಿದ್ದಳು, ಮುಗಿಯುತ್ತಿತ್ತು. ಆದರೆ ಸೊಸೆ ಅಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದ ಮಾತು ಇದು:

"ಎಲ್ಲಾ ಅಲ್ಲೇ ಅದೆ ಅಕ್ಕ. ನಿನ್ನ ಬೆರಳೇ ಜೋಮು ಇಡಿದಿರ್ಬೇಕು. ಸಕ್ಕರೆ ಇದ್ರೆ ಕೈಕಾಲು ಮರಗಟ್ಟತದೆ ಅಂತ ಡಾಕ್ಟ್ರು ಹೇಳಿರ್ನಿಲ್ವಾ?"

ಡಾಕ್ಟರು ಹಾಗೆ ಹೇಳಿದ್ದು ನಿಜ. ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ಹೋಗಿ ಕೂತಿತು. ಸೊಸೆ ಆ ಗಾಡಿಗಳನ್ನು ಎಂದೂ ಹತ್ತಿರದಿಂದ ನೋಡಿದವಳಲ್ಲ; ಅವು ಅತ್ತೆಯವು, ಅತ್ತೆಯೇ ಒರೆಸುತ್ತಿದ್ದದ್ದು. "ಅಯ್ಯೋ, ಹೌದೇನೋ ಅತ್ತೆ" ಎಂದಳು. ಅಕ್ಕ ನಮ್ಮಿಬ್ಬರ ಕಡೆಗೂ ಮುಖ ತಿರುಗಿಸಿದಳು. ಆಮೇಲೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ತನ್ನ ಹತ್ತು ಬೆರಳನ್ನೂ ಒಂದಕ್ಕೊಂದು ಉಜ್ಜಿಕೊಂಡು, "ಅಂಗಾದ್ರೆ ಇವೂ ಓದ್ವಾ" ಎಂದಳು. ಅಷ್ಟೇ. ಕೂಗಲಿಲ್ಲ. ನಾನು ತಣ್ಣಗಾದ ಕಾಫಿ ಕುಡಿದು ಬಸ್ಸು ಹತ್ತಿದೆ.

ಒಂದು ವಾರ ಬಿಟ್ಟು ಆ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ನಿವೃತ್ತ ರೈಲ್ವೆ ನೌಕರರು ನನ್ನ ಫೋಟೊ ಕೆಳಗೆ ಬರೆದರು. ಕೈಚಳಕ ಚೆನ್ನಾಗಿದೆ ಎಂದು ಶುರು ಮಾಡಿ, ಆ ಕಾಲದ ನಮ್ಮ ನಾಲ್ಕು ಚಕ್ರದ ವ್ಯಾಗನ್ನಿಗೆ ಬ್ರೇಕಿನ ಚಕ್ರ ಮೇಲೆ ಇರುತ್ತಿರಲಿಲ್ಲ, ಪಕ್ಕದಲ್ಲಿ ಉದ್ದನೆಯ ಲಿವರ್ ಇರುತ್ತಿತ್ತು, ಚಾವಣಿ ಮೇಲೆ ಓಡಾಡುವ ಹಲಗೆ ಹೊರದೇಶದ ಗಾಡಿಗೆ ಇದ್ದದ್ದು ಎಂದರು. ಕೊನೆಗೆ, "ನಿಮ್ಮ ಮೊದಲನೇ ಫೋಟೊದಲ್ಲಿ ಇರುವುದೇ ಸರಿ. ಅದನ್ನು ಮಾಡಿದವರು ವ್ಯಾಗನ್ನಿನ ಕೆಳಗೆ ಮಲಗಿ ಕೆಲಸ ಮಾಡಿದವರು ಇರಬೇಕು" ಎಂದು ಬರೆದಿದ್ದರು.

ಓದಿ ಕೂತಲ್ಲೇ ಕೂತೆ. ಜೀವಮಾನದಲ್ಲಿ ಒಂದು ವ್ಯಾಗನ್ನನ್ನೂ ಕೈಯಿಂದ ಮುಟ್ಟದ ನಾನು, ಸಾವಿರಾರು ವ್ಯಾಗನ್ ಮುಟ್ಟಿದ ಮನುಷ್ಯನ ಕೆಲಸವನ್ನು ತಿದ್ದಿದ್ದೆ. ಆದರೂ ಯಳಂದೂರಿಗೆ ಹೋಗಲಿಲ್ಲ. ನಾಚಿಕೆಯಾಯಿತು ಎಂದರೆ ಮರ್ಯಾದೆಯ ಮಾತಾಗುತ್ತದೆ. ಹೆದರಿಕೆ, ಅಷ್ಟೇ. ಅಕ್ಕ ಮರೆತಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಹೋದೆ. ನಡುಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. ಹೂವಿನ ಬುಟ್ಟಿ ಇರಲಿಲ್ಲ, ಮೊರ ಇರಲಿಲ್ಲ. ಬೀರುವಿನ ಗಾಜಿನ ಮೇಲೆ ಧೂಳು ಕೂತಿತ್ತು.

ಸೊಸೆ ಅಡುಗೆಮನೆಯಿಂದಲೇ ಹೇಳಿದಳು. "ಈಗ ಅತ್ತೆಗೆ ಏನೂ ಮಾಡಕೆ ಬುಡಲ್ಲ ಮಾವ. ಬೆರಳಿಗೇ ಗೊತ್ತಾಗಲ್ಲ ಅಂದ್ಮೇಲೆ ಬೆಂಕಿ ಮುಟ್ಟಿದ್ರೂ ಗೊತ್ತಾಗದೆ ಸುಟ್ಕಂಡ್ರೆ? ಚಾಕು, ಬೆಂಕಿಪೊಟ್ಣ ಎಲ್ಲಾ ಮೇಲೆ ಮಡಗ್ಬುಟ್ಟಿದ್ದೀನಿ. ಮೊದ್ಲು ಜಗಳ ಆಡ್ತಿದ್ರು, ಈಗ ಅವ್ರೇ ಮುಟ್ಟಲ್ಲ."

ನಾನು ಅಕ್ಕನ ಪಕ್ಕ ಕೂತೆ. ಹೇಗಿದ್ದೀಯ ಎಂದೆ. ಅವಳು ತೊಡೆಯ ಕೆಳಗಿನಿಂದ ಬಲಗೈ ತೆಗೆದು ನನ್ನ ಮುಂದೆ ಹಿಡಿದಳು.

"ನೋಡ್ಲಾ, ರಕ್ತ ಬಂದದಾ?"

ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯಲ್ಲೂ ಚುಕ್ಕೆ ಚುಕ್ಕೆ. ಹಳೆಯವು ಕಪ್ಪಗೆ, ಹೊಸವು ಕೆಂಪಗೆ. ಜಾಲಿಯ ಮುಳ್ಳುಗಳ ನಡುವೆ ಕೈ ಹಾಕಿ ತೆಗೆದಂತೆ.

"ಏನಕ್ಕ ಇದು?"

"ಹೂವಿನ ಸೂಜಿ ಕಣ್ಲಾ. ದಿನಾ ಬೆಳಿಗ್ಗೆ ಚುಚ್ಕಂಡು ನೋಡ್ಕತೀನಿ, ಇನ್ನೂ ಎಷ್ಟು ಉಳಿದದೆ ಅಂತ. ನೋವಾಯ್ತದೆ. ಚೆನ್ನಾಗೇ ನೋವಾಯ್ತದೆ. ಆದ್ರೆ ಗಾಡಿ ಮುಟ್ಟುದ್ರೆ ಮಾತ್ರ ಗೊತ್ತಾಗಕಿಲ್ಲ. ನಿಮ್ಮ ಭಾವಂದು ಒಂದೂ ಗೊತ್ತಾಗಕಿಲ್ಲ. ಇದ್ಯಾವ ಸೀಮೆ ಕಾಯ್ಲೆನೋ ಕಾಣೆ."

ಹನೂರಿನ ಅಂಗಡಿಯಲ್ಲಿ ಎರಡು ಸಲ ಕರೆಂಟು ಹೊಡೆಸಿಕೊಂಡಿದ್ದೇನೆ, ಅದೂ ಹೀಗಿರಲಿಲ್ಲ. ನಾನು ಹಾಳು ಮಾಡಿದ್ದು ಒಂಬತ್ತು ಪ್ಲಾಸ್ಟಿಕ್ ಗಾಡಿ ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದೆ.

"ಅಕ್ಕ, ನಿನ್ನ ಬೆರಳಿಗೆ ಏನೂ ಆಗಿಲ್ಲ" ಎಂದೆ. "ನಾನು ಎಲ್ಲಾ ಕಿತ್ತಾಕ್ದೆ. ಮೊಳೆ, ಹಗ್ಗ, ಸೀಸ ಎಲ್ಲಾ. ಬೇರೆ ಅಂಟಿಸ್ದೆ. ನೀನು ಅವತ್ತು ಹೇಳಿದ್ದೇ ನಿಜ. ನಾನು ಸುಳ್ಳು ಹೇಳ್ದೆ."

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, "ಎಲ್ಲಾನೂವಾ?" ಎಂದಳು.

"ಎಲ್ಲಾನೂ."

"ಹಗ್ಗ?"

"ಕತ್ತರಿಸ್ಬುಟ್ಟೆ."

"ಮಡಗಿದ್ದೀಯಾ?"

"ಇಲ್ಲ ಅಕ್ಕ. ಕಸಕ್ಕೆ ಓಯ್ತು."

ಒಂದೊಂದನ್ನೇ ಕೇಳಿದಳು. ಒಂಬತ್ತು ಗಾಡಿಯದ್ದೂ ಕೇಳಿದಳು, ನಾನು ಒಂಬತ್ತಕ್ಕೂ ಉತ್ತರ ಕೊಟ್ಟೆ. ಹೊಡೆಯುತ್ತಾಳೇನೋ ಎಂದು ಕಾದೆ, ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ದನಿ ಏರಿಸದೆ ಹೇಳಿದಳು:

"ಗಾಡಿ ಓದ್ರೆ ಓಯ್ತು ಕಣ್ಲಾ. ಅವ್ರೇ ಓದ್ರು, ಅವರು ಮಾಡಿದ್ದು ಇನ್ನೆಷ್ಟು ದಿನ. ನನ್ನ ಕೈನೇ ಸುಳ್ಳು ಅಂದ್ಬುಟ್ಟಲ್ಲ. ಇನ್ನೇನಿತ್ಲಾ ನನಗೆ ಅದು ಬುಟ್ರೆ?"

ನಾನು ಕಾಲು ಹಿಡಿಯಲು ಹೋದೆ. ಕಾಲು ಎಳೆದುಕೊಂಡಳು. "ಅದೆಲ್ಲಾ ಬ್ಯಾಡ. ಅವತ್ತು ಅವಳ ಮುಂದೆ ಹೇಳ್ದೆ. ಈಗ್ಲೂ ಅವಳ ಮುಂದೆ ಹೇಳು. ಎದುರುಮನೆಯವ್ರು ಇದ್ರೆ ಅವ್ರನ್ನೂ ಕರಿ. ಕುರುಡಿಗೆ ಈಗ ಕೈಯೂ ಸತ್ತದೆ ಅಂತ ಬೀದಿಗೆಲ್ಲಾ ಗೊತ್ತಾಗ್ಬುಟ್ಟದೆ."

ಸೊಸೆಯನ್ನು ಕರೆದೆ. ಎದುರುಮನೆಯ ಹೆಂಗಸೂ ಬಂದು ಹೊಸಿಲ ಹತ್ತಿರ ನಿಂತರು. ಎಪ್ಪತ್ತೊಂದು ವರ್ಷದ ಗಂಡಸು, ಇಬ್ಬರು ಹೆಂಗಸರ ಎದುರು ನಿಂತು, ಶಾಲೆಯಲ್ಲಿ ತಪ್ಪು ಒಪ್ಪಿಕೊಂಡಂತೆ ಒಪ್ಪಿಕೊಂಡೆ. ಸೊಸೆಯ ಮುಖ ಬಿಳಿಚಿಕೊಂಡಿತು.

"ಮಾವ, ನಿಮ್ಮ ಮಾತು ನಂಬ್ಕಂಡು ನಾನು ಅತ್ತೆ ಕೈಯಿಂದ ಚಾಕು ಕಿತ್ಕಂಡೆ. ಅವರು ಕೊಡಲ್ಲ ಅಂದಾಗ ಬೆರಳು ಬಿಡಿಸಿ ಕಿತ್ಕಂಡೆ." ಇಷ್ಟೇ ಹೇಳಿ ಒಳಗೆ ಹೋದಳು. ಎದುರುಮನೆಯ ಹೆಂಗಸು, "ದೊಡ್ಡವ್ರಾಗಿ ಇಂಗ್ ಮಾಡಬಹುದಾ ಅಣ್ಣ" ಎಂದರು.

ಭಾವ ಮಾಡಿದ್ದ ಹಾಗೆಯೇ ಮತ್ತೆ ಮಾಡಿಕೊಡುತ್ತೇನೆ, ಫೋಟೊ ಇದೆ ಎಂದೆ. ಅಕ್ಕ ತಲೆಯಾಡಿಸಿದಳು. "ನೀನು ಮಾಡಿದ್ರೆ ನಿಂದಾಯ್ತದೆ. ಅವರದ್ದು ಅಂತ ನಾನು ಯಾಕ್ಲಾ ಮುಟ್ಲಿ?" ಸರಿಯಾದ ಮಾತು. ಅವು ಇನ್ನೂ ಆ ಬೀರುವಿನಲ್ಲಿಯೇ ಇವೆ, ನನ್ನ ಏಣಿ, ನನ್ನ ಚಕ್ರಗಳ ಸಮೇತ. ನಾನು ಬಂದಾಗೆಲ್ಲ ನನಗೇ ಕಾಣಲಿ ಎಂದು ಇಟ್ಟಿದ್ದಾಳೋ, ಇಳಿಸುವುದೇ ಬೇಡವೆಂದು ಬಿಟ್ಟಿದ್ದಾಳೋ ಕೇಳಲು ಧೈರ್ಯವಾಗಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಹೋಗುತ್ತೇನೆ. ಬರಬೇಡ ಎಂದು ಅವಳು ಹೇಳಿಲ್ಲ. ಸೊಸೆ ಚಾಕು, ಬೆಂಕಿಪೊಟ್ಟಣವನ್ನು ಕೆಳಗಿಳಿಸಿ ಅತ್ತೆಯ ಕೈಗೇ ಕೊಟ್ಟಿದ್ದಾಳೆ. ಸೂಜಿಯ ಗುರುತುಗಳೂ ಮಾಗಿವೆ. ನಿಜ ಹೇಳಿದ್ದಾಯಿತು, ಇನ್ನು ಎಲ್ಲ ಮೊದಲಿನಂತಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಮೊನ್ನೆ ಹೋದಾಗ ಅವಳು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡೆ. ಅವಳ ಬೆರಳು ಸಿಪ್ಪೆಯನ್ನು ಸೀಳಿ, ಕಾಳನ್ನು ಸವರಿ, ಒಂದು ಕಾಳಿನ ಮೇಲೆ ನಿಂತಿತು. ಮತ್ತೆ ಸವರಿದಳು. ಅದನ್ನು ನನ್ನ ಕಡೆ ಚಾಚಿದಳು.

"ಇದ್ರಲ್ಲಿ ಹುಳ ಅದೆಯೇನ್ಲಾ? ನೋಡಿ ಹೇಳು."

ನಾನು ನೋಡಿದೆ. ಹುಳ ತೂತು ಮಾಡಿತ್ತು, ಅವಳ ಬೆರಳು ನಿಂತಿದ್ದ ಜಾಗದಲ್ಲೇ.

"ಅದೆ ಅಕ್ಕ. ನೀನು ಇಡಿದಿದ್ದು ಸರಿಯಾಗೇ ಅದೆ."

"ನಿಜವಾಗ್ಲೂವಾ?"

"ನಿಜವಾಗ್ಲೂ."

ಅವಳು ಆ ಕಾಳನ್ನು ಅಂಗಳಕ್ಕೆ ಎಸೆದಳು. ಇನ್ನೊಂದು ಕಾಯಿ ಸೀಳಿದಳು. ಸವರಿದಳು. ಮತ್ತೆ ನನ್ನ ಕಡೆ ಕೈ ಚಾಚಿದಳು.